ಮೂಲವು ಮನೆಯಲ್ಲಿ, ಪ್ರತಿಯು ಜೇಬಿನಲ್ಲಿ: ಹಾಡಿನ ಫೈಲುಗಳನ್ನು ಹಸನು ಮಾಡಿದ ಅನುಭವ

ಹಲವು ವರ್ಷಗಳಿಂದ ಕೂಡಿಟ್ಟ ಹಾಡುಗಳನ್ನು ವಿಂಗಡಿಸಿ, ಹೆಸರು ತಿದ್ದಿ, ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಪ್ಲೇಯರಿಗೆ ತುಂಬಿಸುವ ಕೆಲಸ ಕಳೆದ ವಾರ ಮುಗಿಯಿತು. ರಜೆಯ ಒಂದು ಮಧ್ಯಾಹ್ನ ಸಾಕೆಂದು ಯಾರಾದರೂ ಹೇಳಿದರೆ ನಂಬಬೇಡಿ, ತಿಂಗಳುಗಳು ಬೇಕಾದವು. ಅದರಲ್ಲಿ ಫಾರ್ಮ್ಯಾಟ್, ಅಂದರೆ ಎಂಪಿ3ಯಂತೆ ಹಾಡನ್ನು ಫೈಲಾಗಿ ಉಳಿಸುವ ಬಗೆ, ಆರಿಸಲು ಹಿಡಿದ ಕಾಲ ಬಹಳ ಕಡಿಮೆ. ಬಹುಪಾಲು ಸಮಯ ಹೋದದ್ದು ಹೆಸರುಗಳನ್ನು ಸರಿಪಡಿಸುವುದರಲ್ಲಿ. ಕೆಲಸ ಆರಂಭಿಸುವ ಮೊದಲು ನನ್ನ ಕಣ್ಣಿಗೆ ಬಿದ್ದ ಬರಹಗಳೆಲ್ಲ ಯಾವ ಫಾರ್ಮ್ಯಾಟ್ ಶ್ರೇಷ್ಠ ಎಂಬ ವಾದದಲ್ಲೇ ಮುಳುಗಿದ್ದವು. ಟ್ಯಾಗು (ಹಾಡು, ಗಾಯಕರ ಹೆಸರು ಮುಂತಾಗಿ ಫೈಲಿನೊಳಗೇ ಬರೆದಿಡುವ ವಿವರ), ಲಿಪಿ, ಮೆಮೊರಿ ಕಾರ್ಡು, ಹಾಡುಗಳ ಕ್ರಮ ಇವು ಎಷ್ಟು ಕಾಡುತ್ತವೆ ಎಂದು ಯಾರೂ ಎಚ್ಚರಿಸಿರಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ, ಮುಂದೆ ಇದೇ ದಾರಿ ಹಿಡಿಯುವವರಿಗೆ ಸ್ವಲ್ಪವಾದರೂ ಶ್ರಮ ಉಳಿಯಲಿ ಎಂದು.

ಫೋನಿನಲ್ಲಿ ಕೋಟಿಗಟ್ಟಲೆ ಹಾಡು ಸಿಗುವಾಗ ಪ್ರತ್ಯೇಕ ಪ್ಲೇಯರ್ ಏಕೆ ಎಂದು ಕೇಳುವವರಿದ್ದಾರೆ. ನಾನು ಕೇಳುವ ಧ್ವನಿಮುದ್ರಿಕೆಗಳಲ್ಲಿ ಹಲವು ಯಾವ ಆನ್‌ಲೈನ್ ಸೇವೆಯಲ್ಲೂ ಇಲ್ಲ. ಇದ್ದವುಗಳಲ್ಲಿ ಕೆಲವು ಹೇಳದೆ ಕೇಳದೆ ಮಾಯವಾದವು. ನನ್ನ ಬಳಿ ಇರುವ ಹಾಡು ನನ್ನ ಬಳಿಯೇ ಇರಬೇಕು ಎಂಬ ಹಟದಿಂದಲೇ ಈ ಕೆಲಸಕ್ಕೆ ಕೈಹಾಕಿದೆ.

ಮೊದಲ ಹಂತ ಎಲ್ಲವನ್ನೂ ಒಂದೆಡೆ ತರುವುದು. ಹಾಡುಗಳು ಎರಡು ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ, ಪೆನ್‌ಡ್ರೈವ್‌ಗಳಲ್ಲಿ, ಬಳಸದೆ ಬಿಟ್ಟ ಫೋನಿನಲ್ಲಿ ಮತ್ತು ಒಂದು ಪೆಟ್ಟಿಗೆ ತುಂಬ ಸಿಡಿಗಳಲ್ಲಿ ಹಂಚಿಹೋಗಿದ್ದವು. ಹಾರ್ಡ್ ಡಿಸ್ಕ್‌ಗಳಲ್ಲಿ ಒಂದು ಆಗಲೇ ಟಕಟಕ ಸದ್ದು ಮಾಡುತ್ತಿತ್ತು. ಅದರಿಂದ ನಕಲಾಗುತ್ತಿದ್ದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಡುವೆ ಒಂದು ಫೋಲ್ಡರಿನ ಬಳಿ ನಿಂತು, ಬಹಳ ಹೊತ್ತು ತಡವರಿಸಿ, ಕೊನೆಗೆ ಮುಂದಕ್ಕೆ ಸಾಗಿತು. ಯಾವ ಫೈಲನ್ನೂ ತಿದ್ದುವ ಮೊದಲು ಎಲ್ಲದರ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟು ಅದನ್ನು ಕಪಾಟಿನೊಳಗೆ ಸೇರಿಸಿದೆ. ಇಡೀ ಕೆಲಸದಲ್ಲಿ ಹಣ ಖರ್ಚಾದದ್ದು ಎರಡಕ್ಕೆ, ಆ ಡಿಸ್ಕು ಮತ್ತು ಮುಂದೆ ಹೇಳಲಿರುವ ಮೆಮೊರಿ ಕಾರ್ಡು. ತಂತ್ರಾಂಶಗಳೆಲ್ಲ ಉಚಿತವಾಗಿ ಸಿಕ್ಕವು. ಡಿಸ್ಕಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ನೂರಾರು ಫೈಲುಗಳ ಹೆಸರನ್ನು ಒಂದೇ ಗುಂಡಿಯಿಂದ ಬದಲಿಸುವ ತಂತ್ರಾಂಶದ ಮುಂದೆ ಕೂರುವಾಗ, ಬೇರೆಡೆ ಮೂಲ ಭದ್ರವಾಗಿದೆ ಎಂಬ ಧೈರ್ಯ ಬೇಕೇ ಬೇಕು.

ಒಂದೆಡೆ ತಂದ ಮೇಲೆ ಕಂಡದ್ದು ನಕಲುಗಳ ರಾಶಿ. ಒಂದೇ ಹಾಡು ನಾಲ್ಕು ಹೆಸರುಗಳಲ್ಲಿ ಕುಳಿತಿತ್ತು. ಫೈಲಿನ ಗಾತ್ರವನ್ನೋ ಹೆಸರನ್ನೋ ನೋಡಿ ನಕಲು ಹಿಡಿಯಲಾಗದು, ಏಕೆಂದರೆ ಟ್ಯಾಗಿನಲ್ಲಿ ಒಂದಕ್ಷರ ತಿದ್ದಿದರೂ ಕಂಪ್ಯೂಟರಿನ ದೃಷ್ಟಿಯಲ್ಲಿ ಅದು ಬೇರೆಯೇ ಫೈಲು. ಕೈಹಿಡಿದದ್ದು ಅಕೂಸ್ಟ್‌ಐಡಿ ಎಂಬ ವ್ಯವಸ್ಥೆ. ಅದು ಹೆಸರನ್ನು ನೋಡುವುದಿಲ್ಲ. ಧ್ವನಿಯನ್ನೇ ವಿಶ್ಲೇಷಿಸಿ ಬೆರಳಚ್ಚಿನಂತಹ ಒಂದು ಗುರುತು ತೆಗೆಯುತ್ತದೆ. ಟ್ಯಾಗು ತುಂಬಿಸುವ ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ತಂತ್ರಾಂಶದಲ್ಲಿ ಇದು ಜೊತೆಗೇ ಬರುತ್ತದೆ. ಆದರೆ ಅದು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಡಿ. ಅದೇ ಹಾಡು ಸಂಕಲನದಲ್ಲೂ ಮೂಲ ಆಲ್ಬಮ್ಮಿನಲ್ಲೂ ಇದ್ದರೆ ಯಾವುದಕ್ಕೆ ಸೇರಿಸಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು. ಅಷ್ಟಾಗಿ ಪ್ರಚಾರದಲ್ಲಿಲ್ಲದ ಧ್ವನಿಮುದ್ರಿಕೆಗಳ ಗುರುತು ಅದರ ಭಂಡಾರದಲ್ಲಿ ಇರುವುದೇ ಇಲ್ಲ, ನನ್ನ ಸಂಗ್ರಹದ ದೊಡ್ಡ ಭಾಗ ಹೀಗೆಯೇ ಗುರುತಿಲ್ಲದೆ ಉಳಿಯಿತು.

ನಕಲುಗಳಲ್ಲಿ ಯಾವುದನ್ನು ಉಳಿಸಬೇಕು? ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ಧ್ವನಿಗೆ ಬಳಸುವ ದತ್ತಾಂಶ, ಹೆಚ್ಚಿರುವುದನ್ನು ಎಂದು ಯಾರಾದರೂ ಹೇಳುತ್ತಾರೆ. ಇಲ್ಲಿಯೇ ಮೊದಲ ಅನಿರೀಕ್ಷಿತ ತೊಡಕು. 320 ಕೆಬಿಪಿಎಸ್ (ಸೆಕೆಂಡಿಗೆ ಸಾವಿರ ಬಿಟ್‌ಗಳ ಲೆಕ್ಕ) ಎಂದು ತೋರಿಸುತ್ತಿದ್ದ ಕೆಲವು ಎಂಪಿ3 ಫೈಲುಗಳು 128 ಕೆಬಿಪಿಎಸ್ ಫೈಲುಗಳಿಗಿಂತ ಒಂದಿಷ್ಟೂ ಚೆನ್ನಾಗಿ ಕೇಳಿಸುತ್ತಿರಲಿಲ್ಲ. ಧ್ವನಿಯ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ ಎಂಬ ಪುಟ್ಟ ತಂತ್ರಾಂಶದಲ್ಲಿ ತೆರೆದಾಗ ಗುಟ್ಟು ಹೊರಬಿತ್ತು. ಸುಮಾರು 16 ಕಿಲೋಹರ್ಟ್ಸ್‌ನ ಮೇಲೆ ಚಿತ್ರವೆಲ್ಲ ಬರಿಗತ್ತಲು. 128ಕ್ಕೆ ಇಳಿಸಿದ ಎಂಪಿ3ಗಳಲ್ಲಿ ಸಾಮಾನ್ಯವಾಗಿ ಕಾಣುವ ಗೋಡೆ ಇದು. ಯಾರೋ ಆ ಫೈಲನ್ನೇ ಮತ್ತೆ 320ಕ್ಕೆ ಪರಿವರ್ತಿಸಿ ಹಂಚಿದ್ದರು. ಒಮ್ಮೆ ಕಳೆದುಹೋದ ಧ್ವನಿ ಅಂಕಿ ಏರಿಸಿದರೆ ಮರಳುವುದಿಲ್ಲ. ಫೈಲು ದಪ್ಪವಾಗುತ್ತದೆ, ಎರಡನೆಯ ಸಲ ಹಿಂಡಿಸಿಕೊಂಡು ಧ್ವನಿ ಇನ್ನಷ್ಟು ಸೊರಗುತ್ತದೆ. ನಾನು ಅಂಥವನ್ನು ತೆಗೆದುಹಾಕಿ, ಸಿಡಿ ಇದ್ದ ಕಡೆ ಸಿಡಿಯಿಂದಲೇ ಹೊಸದಾಗಿ ತೆಗೆದೆ.

ಸಿಡಿಗಳ ಕೆಲಸ ನಿಧಾನ, ಆದರೆ ಮನಸ್ಸಿಗೆ ಹಿತ. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ ಅನುಮಾನ ಬಂದ ಭಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಬಳಿಕ ಅದೇ ಸಿಡಿಯನ್ನು ಬೇರೆಯವರು ಓದಿದಾಗ ಬಂದ ಮೊತ್ತಕ್ಕೂ (ಧ್ವನಿಯ ಬಿಟ್‌ಗಳಿಂದ ಲೆಕ್ಕಹಾಕಿದ ತಾಳೆ ಸಂಖ್ಯೆ) ನಮ್ಮದಕ್ಕೂ ಹೊಂದಿಕೆ ಇದೆಯೇ ಎಂದು ಆಕ್ಯುರೇಟ್‌ರಿಪ್ ಭಂಡಾರದಲ್ಲಿ ಪರಿಶೀಲಿಸುತ್ತದೆ. ಚೆನ್ನಾಗಿರುವ ಸಿಡಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಗೀರು ಬಿದ್ದದ್ದು ಗಂಟೆಗಟ್ಟಲೆ ತಿರುಗುತ್ತದೆ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದಾಗ ಹಲವು ಸಿಡಿಗಳು ಚೇತರಿಸಿಕೊಂಡವು. ಒಂದು ಡ್ರೈವ್ ಓದಲಾಗದ ಸಿಡಿಯನ್ನು ಇನ್ನೊಂದು ಡ್ರೈವ್ ಸಲೀಸಾಗಿ ಓದಿದ್ದೂ ಉಂಟು, ಹಾಗಾಗಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಎಸೆಯುವ ಮುನ್ನ ಅದರಲ್ಲೊಮ್ಮೆ ಹಾಕಿ ನೋಡಿ.

ಈಗ ಫಾರ್ಮ್ಯಾಟಿನ ಮಾತು. ಲೆಕ್ಕ ಸರಳವಾಗಿದೆ. ಸಿಡಿಯಲ್ಲಿ ಧ್ವನಿ ಸೆಕೆಂಡಿಗೆ 44,100 ಮಾದರಿಗಳಂತೆ, 16 ಬಿಟ್‌ಗಳಲ್ಲಿ, ಎರಡು ಚಾನೆಲ್‌ಗಳಲ್ಲಿ ಇರುತ್ತದೆ. ಒಟ್ಟು 1,411 ಕೆಬಿಪಿಎಸ್. ಐದು ನಿಮಿಷದ ಹಾಡನ್ನು ಹಾಗೆಯೇ ವೇವ್ ಫೈಲಾಗಿ ಇಟ್ಟರೆ 53 ಎಂಬಿ. ಧ್ವನಿ ಕೆಡದಂತೆ ಹಿಂಡುವ ಫ್ಲಾಕ್ ಫಾರ್ಮ್ಯಾಟಿಗೆ ಬದಲಿಸಿದರೆ ಸಾಮಾನ್ಯವಾಗಿ ಅದರ ಅರ್ಧದಿಂದ ಮೂರನೆಯ ಎರಡು ಭಾಗದಷ್ಟಾಗುತ್ತದೆ, ಆದರೂ ಒಂದು ಬಿಟ್ ಕೂಡ ಕಳೆಯುವುದಿಲ್ಲ. 320ರ ಎಂಪಿ3 ಆದರೆ 12 ಎಂಬಿ, 128ರದ್ದಾದರೆ 5 ಎಂಬಿಗೂ ಕಡಿಮೆ. ಮೂಲ ಸಂಗ್ರಹಕ್ಕೆ ಫ್ಲಾಕ್ ಎಂಬುದರಲ್ಲಿ ನನಗೆ ಸಂಶಯವೇ ಬರಲಿಲ್ಲ. 2001ರಿಂದ ಬಳಕೆಯಲ್ಲಿದೆ, ಯಾರ ಹಂಗೂ ಇಲ್ಲದ ಮುಕ್ತ ಫಾರ್ಮ್ಯಾಟ್. ನನಗೆ ಅತಿ ಇಷ್ಟವಾದ ಗುಣ ಇನ್ನೊಂದಿದೆ. ಮೂಲ ಧ್ವನಿಯ ಎಂಡಿ5 ಮೊತ್ತ ಫೈಲಿನೊಳಗೇ ಇರುವುದರಿಂದ, ಹತ್ತು ವರ್ಷಗಳ ನಂತರವೂ ಫೈಲು ಕೆಟ್ಟಿದೆಯೇ ಇಲ್ಲವೇ ಎಂದು ಪರೀಕ್ಷಿಸಬಹುದು. ವೇವ್ ಫೈಲಿಗೆ ಈ ಸೌಲಭ್ಯವಿಲ್ಲ, ಅದರೊಳಗೆ ಬರೆದ ಟ್ಯಾಗುಗಳನ್ನು ಎಲ್ಲ ತಂತ್ರಾಂಶಗಳೂ ಓದುವುದಿಲ್ಲ.

ಪ್ಲೇಯರಿಗೆ ಯಾವುದು ಎಂಬುದಕ್ಕೆ ನನ್ನ ಕಿವಿಯನ್ನೇ ಕೇಳಿದೆ. ಹಾಡು ನುಡಿಸುವ ಫೂಬಾರ್2000 ತಂತ್ರಾಂಶಕ್ಕೆ ಎಬಿಎಕ್ಸ್ ಎಂಬ ಪರೀಕ್ಷೆಯನ್ನು ಸೇರಿಸಿಕೊಳ್ಳಬಹುದು. ಯಾವುದು ಫ್ಲಾಕ್, ಯಾವುದು ಎಂಪಿ3 ಎಂದು ಹೇಳದೆ ಕೇಳಿಸಿ ಗುರುತಿಸಲು ಹೇಳುತ್ತದೆ. ಚೆನ್ನಾಗಿ ಬಲ್ಲ ಹಾಡುಗಳನ್ನು, ಮನೆ ನಿಶ್ಶಬ್ದವಾಗಿದ್ದಾಗ, ನನ್ನಲ್ಲಿರುವ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದೆ. 128ರಲ್ಲಿ ತಾಳದ ಕಿಣಿಕಿಣಿ ನಾದ ಕಲಸಿಹೋಗುವುದು, ಚಪ್ಪಾಳೆ ನೀರಿನ ಸದ್ದಿನಂತಾಗುವುದು ಗೊತ್ತಾಗುತ್ತಿತ್ತು. ಸುಮಾರು 190 ದಾಟಿದ ಮೇಲೆ ನನ್ನ ಉತ್ತರಗಳೆಲ್ಲ ಬರಿಯ ಊಹೆಯಾದವು. ಅಂದು ನನಗಾದ ಸಮಾಧಾನ ದೊಡ್ಡದು. ಬಸ್ಸಿನಲ್ಲಿ, ನಡಿಗೆಯಲ್ಲಿ ಕೇಳಲು ಫ್ಲಾಕ್ ಹೊತ್ತು ತಿರುಗಬೇಕಿಲ್ಲ ಎಂದು ಯಾರ ವಾದವನ್ನೂ ನಂಬದೆ ನಾನೇ ಕಂಡುಕೊಂಡಿದ್ದೆ. ನಿಮ್ಮ ಕಿವಿ ಬೇರೆ ಉತ್ತರ ಕೊಡಬಹುದು, ಈ ಪರೀಕ್ಷೆಯನ್ನು ತಪ್ಪದೆ ಮಾಡಿ. ಬ್ಲೂಟೂತ್ ಹೆಡ್‌ಫೋನ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು. ಫೈಲು ಏನೇ ಆಗಿರಲಿ, ಎಸ್‌ಬಿಸಿ, ಎಎಸಿಯಂತಹ ಕೋಡೆಕ್‌ಗಳು (ಧ್ವನಿಯನ್ನು ಹಿಂಡುವ ವಿಧಾನಗಳು) ಗಾಳಿಯಲ್ಲಿ ಕಳಿಸುವ ಮುನ್ನ ಅದನ್ನು ಮತ್ತೊಮ್ಮೆ ಹಿಂಡುತ್ತವೆ.

ಗುಣಮಟ್ಟ ಮಾತ್ರ ನೋಡಿದ್ದರೆ ಓಪಸ್ ಆರಿಸುತ್ತಿದ್ದೆ. 2012ರಲ್ಲಿ ಮಾನಕವಾದ ಈ ಫಾರ್ಮ್ಯಾಟ್ ಕಡಿಮೆ ಬಿಟ್‌ರೇಟಿನಲ್ಲೇ ಎಂಪಿ3ಯನ್ನು ಹಿಂದಿಕ್ಕುತ್ತದೆ. ಆದರೆ ನನ್ನ ಪ್ಲೇಯರಿನ ಕೈಪಿಡಿಯಲ್ಲಿ ಎಂಪಿ3, ಎಎಸಿ, ಫ್ಲಾಕ್, ಓಗ್ ವೋರ್ಬಿಸ್ ಇದ್ದವು, ಓಪಸ್ ಇರಲಿಲ್ಲ. ಕೈಪಿಡಿಯ ಆ ಪುಟವನ್ನು ಎಲ್ಲಕ್ಕಿಂತ ಮೊದಲು ಓದಿ. ಹೆಸರುಗಳ ಜೊತೆಗೆ ಮಿತಿಗಳೂ ಅಲ್ಲೇ ಇರುತ್ತವೆ. ಫ್ಲಾಕ್ ಓದುತ್ತದೆ ಎಂದಿದ್ದರೂ 96 ಕಿಲೋಹರ್ಟ್ಸ್, 24 ಬಿಟ್‌ನ ಫೈಲು ಕೊಟ್ಟಾಗ ಮೌನವಾಗುವ ಪ್ಲೇಯರುಗಳಿವೆ. ನಾನು ಕೊನೆಗೆ ನಿಂತದ್ದು ಎಂಪಿ3ಯಲ್ಲಿ, ಲೇಮ್ ಎಂಬ ಎನ್‌ಕೋಡರಿನ (ಎಂಪಿ3 ತಯಾರಿಸುವ ತಂತ್ರಾಂಶದ) ವಿ0 ಎಂಬ ಬದಲಾಗುವ ಬಿಟ್‌ರೇಟಿನಲ್ಲಿ. ಸರಾಸರಿ 245 ಕೆಬಿಪಿಎಸ್ ಬರುತ್ತದೆ. 64 ಜಿಬಿ ಕಾರ್ಡಿನಲ್ಲಿ ಐದೈದು ನಿಮಿಷದ ಸುಮಾರು 7,000 ಹಾಡುಗಳು ಹಿಡಿಸುತ್ತವೆ. ಎಂಪಿ3ಯ ಪರವಾನಗಿ ವ್ಯವಹಾರ 2017ರಲ್ಲೇ ಮುಗಿದಿದೆ. ಹಳೆಯ ಕಾರಿನ ಸ್ಟೀರಿಯೊದಿಂದ ಹಿಡಿದು ಬಹುತೇಕ ಎಲ್ಲ ಯಂತ್ರಗಳೂ ಅದನ್ನು ಓದುತ್ತವೆ. ಮೂಲ ಫ್ಲಾಕ್‌ನಲ್ಲಿ ಭದ್ರವಾಗಿರುವುದರಿಂದ ಈ ಆಯ್ಕೆ ಶಾಶ್ವತವೂ ಅಲ್ಲ. ನಾಳೆ ಓಪಸ್ ಓದುವ ಪ್ಲೇಯರ್ ಬಂದರೆ ಪ್ರತಿಗಳನ್ನು ಅಳಿಸಿ, ಕಂಪ್ಯೂಟರಿಗೆ ಒಂದು ರಾತ್ರಿ ಕೆಲಸ ಕೊಟ್ಟು ಹೊಸ ಪ್ರತಿ ತೆಗೆದುಕೊಳ್ಳುತ್ತೇನೆ. ಮೂಲ ಎಂದೂ ಮನೆ ಬಿಡುವುದಿಲ್ಲ, ಪ್ಲೇಯರಿಗೆ ಹೋಗುವುದು ಪ್ರತಿ ಮಾತ್ರ. ಹೀಗೆ ನಿಶ್ಚಯಿಸಿದ ದಿನ ಫಾರ್ಮ್ಯಾಟಿನ ಚಿಂತೆ ನನ್ನನ್ನು ಬಿಟ್ಟಿತು. ಮೊದಲಿನಿಂದ ಎಂಪಿ3 ಆಗಿಯೇ ಸಿಕ್ಕ ಹಾಡುಗಳನ್ನು ಮಾತ್ರ ಮರುಪರಿವರ್ತನೆ ಮಾಡದೆ ಹಾಗೆಯೇ ಉಳಿಸಿದೆ.

ಇನ್ನು ಟ್ಯಾಗುಗಳು. ತಿಂಗಳುಗಳನ್ನು ನುಂಗಿದ್ದು ಇವೇ.

ಒಂದು ಎಂಪಿ3 ಫೈಲಿನೊಳಗೆ ಒಂದಕ್ಕಿಂತ ಹೆಚ್ಚು ಟ್ಯಾಗುಗಳು ಇರಬಹುದೆಂದು ಬಹಳ ಜನರಿಗೆ ತಿಳಿದಿಲ್ಲ. ಫೈಲಿನ ಕೊನೆಯ 128 ಬೈಟ್‌ಗಳಲ್ಲಿ ಹಳೆಯ ಬಗೆಯ ಟ್ಯಾಗಾದ ಐಡಿ3ವಿ1, ಆರಂಭದಲ್ಲಿ ಹೊಸ ಬಗೆಯ ಐಡಿ3ವಿ2. ನಾನು ಕಂಪ್ಯೂಟರಿನಲ್ಲಿ ತಿದ್ದಿದ ಹೆಸರು ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುತ್ತಿತ್ತು, ಪ್ಲೇಯರಿನಲ್ಲಿ ಮಾತ್ರ ಹಳೆಯ ಹೆಸರೇ ಬರುತ್ತಿತ್ತು. ಪ್ಲೇಯರೇ ಕೆಟ್ಟಿದೆಯೇನೋ ಎನ್ನಿಸುವಷ್ಟು ತಲೆಕೆಟ್ಟಿತ್ತು. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಯಾವ ಯಾವ ಟ್ಯಾಗುಗಳಿವೆ ಎಂದು ತೋರಿಸುವ ಅಂಕಣ ನೋಡಿದಾಗ ವಿಷಯ ಬಯಲಾಯಿತು. ಹಳೆಯದನ್ನು ಕಿತ್ತುಹಾಕಿ, ಐಡಿ3ವಿ2.3 ಒಂದನ್ನೇ, ಕನ್ನಡ ಅಕ್ಷರಗಳನ್ನೂ ಹಿಡಿಸುವ ಯುಟಿಎಫ್-16 ಸಂಕೇತದಲ್ಲಿ ಬರೆಯಿಸಿದೆ. 2.4 ಹೊಸದು ನಿಜ, ಆದರೆ ಅದನ್ನು ಅರ್ಥ ಮಾಡಿಕೊಳ್ಳದ ಯಂತ್ರಗಳು ಇನ್ನೂ ಇವೆ.

ಮುಂದಿನ ಗೋಜಲು ಆಲ್ಬಮ್ಮುಗಳು ಚೂರಾಗುವುದು. ಒಂದು ಆಲ್ಬಮ್ಮಿನಲ್ಲಿ ಐದು ಗಾಯಕರು ಹಾಡಿದ್ದರೆ ಪ್ಲೇಯರ್ ಅದನ್ನು ಐದು ತುಂಡು ಮಾಡಿ ತೋರಿಸುತ್ತದೆ. ‘ಆಲ್ಬಮ್ ಆರ್ಟಿಸ್ಟ್’ ಎಂಬ ಕ್ಷೇತ್ರದಲ್ಲಿ ಎಲ್ಲ ಹಾಡುಗಳಿಗೂ ಒಂದೇ ಹೆಸರು ಕೊಟ್ಟರೆ ತುಂಡುಗಳು ಒಂದಾಗುತ್ತವೆ. ನಾನು ಅಲ್ಲಿ ಸಂಗೀತ ಸಂಯೋಜಕರ ಹೆಸರು ಹಾಕಿ, ಹಾಡಿದವರನ್ನು ‘ಆರ್ಟಿಸ್ಟ್’ ಕ್ಷೇತ್ರದಲ್ಲಿ ಇಟ್ಟೆ. ಸಾಹಿತ್ಯ ಬರೆದವರಿಗೂ ಪ್ರತ್ಯೇಕ ಕ್ಷೇತ್ರವಿದೆ. ಬಹುತೇಕ ಪ್ಲೇಯರುಗಳು ಅದನ್ನು ತೋರಿಸದಿದ್ದರೂ ತುಂಬಿಸಿದೆ, ಬರೆದವರ ಹೆಸರು ಹಾಡಿನ ಜೊತೆ ಇರಲೇಬೇಕು ಎನ್ನುವುದು ನನ್ನ ಮನಸ್ಸು.

ಕನ್ನಡ ಹೆಸರುಗಳದ್ದು ಪ್ರತ್ಯೇಕ ಅಧ್ಯಾಯ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಯಾರೋ ಬೆರಳಚ್ಚು ಮಾಡಿದ್ದ ಹೆಸರುಗಳು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿದ್ದವು, ಪರಿವರ್ತಕ ತಂತ್ರಾಂಶದಲ್ಲಿ ಹಾಕಿದಾಗ ಬಹುಮಟ್ಟಿಗೆ ಸರಿಹೋದವು. ಇದಕ್ಕಿಂತ ಕಾಡಿದ್ದು ಕಣ್ಣಿಗೆ ಕಾಣದ ವ್ಯತ್ಯಾಸ. ಒಬ್ಬರೇ ಗಾಯಕಿಯ ಹೆಸರು ಪಟ್ಟಿಯಲ್ಲಿ ಎರಡು ಕಡೆ ಬರುತ್ತಿತ್ತು. ಅಕ್ಷರ ಅಕ್ಷರ ಹೋಲಿಸಿದರೂ ಎರಡೂ ಒಂದೇ. ಕಾರಣ ಎರಡಿದ್ದವು. ಅರ್ಧಾಕ್ಷರದ ನಂತರ ಒತ್ತು ಬಾರದಂತೆ ಬಳಸುವ, ಅಗಲವೇ ಇಲ್ಲದ ಒಂದು ಯೂನಿಕೋಡ್ ಚಿಹ್ನೆ ಒಂದರಲ್ಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಬೇರೆ ಕೆಲವು ಹೆಸರುಗಳಲ್ಲಿ ಒಕಾರದ ಚಿಹ್ನೆ ಒಂದೇ ಸಂಕೇತವಾಗಿ ಒಂದೆಡೆ, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿ ಇನ್ನೊಂದೆಡೆ ದಾಖಲಾಗಿತ್ತು. ಪರದೆಯ ಮೇಲೆ ಎರಡೂ ‘ೊ’ ಎಂದೇ ಕಾಣುತ್ತವೆ. ಉಪಾಯ ಸುಲಭ. ಹೆಸರನ್ನು ಒಮ್ಮೆ ಶುದ್ಧವಾಗಿ ಟೈಪ್ ಮಾಡಿ, ಆ ಗಾಯಕಿಯ ಎಲ್ಲ ಫೈಲುಗಳನ್ನು ಒಟ್ಟಿಗೆ ಆರಿಸಿ, ಅದನ್ನೇ ಅಂಟಿಸಬೇಕು. ಒಂದೊಂದಾಗಿ ಟೈಪ್ ಮಾಡಲು ಹೋಗಬೇಡಿ.

ಇಷ್ಟೆಲ್ಲ ಮಾಡಿ ಪ್ಲೇಯರಿಗೆ ಹಾಕಿದಾಗ ಅದರ ಪರದೆಯಲ್ಲಿ ಕಂಡದ್ದು ಸಾಲು ಸಾಲು ಖಾಲಿ ಚೌಕಗಳು. ಪುಟ್ಟ ಪ್ಲೇಯರುಗಳಲ್ಲಿ ಕನ್ನಡದ ಫಾಂಟ್ ಇರುವುದು ಅಪರೂಪ. ಫಾಂಟ್ ಇದ್ದರೂ ಒತ್ತಕ್ಷರಗಳನ್ನು ಜೋಡಿಸುವ ತಂತ್ರಾಂಶ ಇಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಬಹಳ ಬೇಸರವಾಯಿತು. ಆದರೂ ಮೂಲದಲ್ಲಿ ಕನ್ನಡವನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಟ್ಯಾಗಿನಲ್ಲಿ ವಿಂಗಡಣೆಗೆಂದೇ ಇರುವ ಪ್ರತ್ಯೇಕ ಕ್ಷೇತ್ರಗಳಿವೆ, ಹಾಡಿಗೊಂದು, ಕಲಾವಿದರಿಗೊಂದು, ಆಲ್ಬಮ್ಮಿಗೊಂದು. ಮೂಲ ಫೈಲುಗಳಲ್ಲಿ ಹೆಸರು ಕನ್ನಡದಲ್ಲಿಯೇ ಉಳಿಯಿತು, ವಿಂಗಡಣೆಯ ಕ್ಷೇತ್ರದಲ್ಲಿ ರೋಮನ್ ಲಿಪಿಯ ರೂಪ ಬರೆದೆ. ಪ್ರತಿ ತೆಗೆದ ನಂತರ, ಪ್ರತಿಗಳಲ್ಲಿ ಮಾತ್ರ, ರೋಮನ್ ರೂಪವನ್ನು ಹೆಸರಿನ ಜಾಗಕ್ಕೆ ಸಾಗಿಸುವಂತೆ ಎಂಪಿ3ಟ್ಯಾಗಿನಲ್ಲಿ ಒಂದು ಆದೇಶ ಬರೆದಿಟ್ಟೆ. ಕನ್ನಡ ತೋರಿಸುವ ಪ್ಲೇಯರ್ ಕೈಗೆ ಬಂದ ದಿನ ಆ ಆದೇಶವನ್ನು ಬಿಟ್ಟುಬಿಟ್ಟರೆ ಸಾಕು.

ಮುಖಪುಟದ ಚಿತ್ರಗಳು ಕೆಲವು ಆಲ್ಬಮ್ಮುಗಳಿಗೆ ಬಂದು ಕೆಲವಕ್ಕೆ ಬರುತ್ತಿರಲಿಲ್ಲ. ಪ್ರೋಗ್ರೆಸಿವ್ ಎಂಬ ಬಗೆಯ ಜೆಪೆಗ್ ಚಿತ್ರವನ್ನು ನನ್ನ ಪ್ಲೇಯರ್ ತೆರೆಯುವುದಿಲ್ಲ. ಎಲ್ಲವನ್ನೂ 500 ಪಿಕ್ಸೆಲ್ ಅಗಲದ ಬೇಸ್‌ಲೈನ್ ಜೆಪೆಗ್ ಆಗಿ ಉಳಿಸಿದ ಮೇಲೆ ಸರಿಯಾಯಿತು.

ಕಾರ್ಡಿನ ಹಂತದಲ್ಲಿ ಎಲ್ಲ ಮುಗಿಯಿತೆಂದುಕೊಳ್ಳುವಾಗ ದೊಡ್ಡ ಪೆಟ್ಟು ಬಿತ್ತು. ಹಾಡುಗಳೆಲ್ಲ ನಕಲಾದವು, ಅರ್ಧದ ನಂತರದ ಹಾಡುಗಳು ಕರಕರ ಎಂದು ನಿಂತುಹೋಗುತ್ತಿದ್ದವು. ಎನ್‌ಕೋಡರನ್ನೂ ಪ್ಲೇಯರನ್ನೂ ಶಂಕಿಸಿ ದಿನಗಳನ್ನು ಕಳೆದೆ. ಕೊನೆಗೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶದಿಂದ ಕಾರ್ಡನ್ನೇ ಪರೀಕ್ಷಿಸಿದಾಗ ಅದು ಹೇಳಿಕೊಂಡ ಗಾತ್ರದ ಕಾರ್ಡೇ ಅಲ್ಲ ಎಂದು ತಿಳಿಯಿತು. ಒಳಗಿನ ಜಾಗ ಮುಗಿದ ಮೇಲೂ ‘ಬರೆದೆ’ ಎಂದು ಸುಳ್ಳು ಹೇಳುತ್ತಿತ್ತು. ಹೊಸ ಕಾರ್ಡ್ ಕೊಂಡ ದಿನವೇ ಈ ಪರೀಕ್ಷೆ ಮಾಡಿ, ಹಿಂತಿರುಗಿಸುವ ಅವಧಿ ಮೀರುವ ಮೊದಲು. ಇಡೀ ಕಾರ್ಡನ್ನು ತುಂಬಿಸಿ ಓದುವುದರಿಂದ ಗಂಟೆಗಳು ಹಿಡಿಯುತ್ತವೆ, ಕಾಯಿರಿ. 32 ಜಿಬಿ ಮೀರಿದ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ, ಫೈಲುಗಳನ್ನು ಜೋಡಿಸಿಡುವ ವಿನ್ಯಾಸದಲ್ಲಿ ಬರುತ್ತವೆ, ಫ್ಯಾಟ್32 ಮಾತ್ರ ಓದುವ ಪ್ಲೇಯರಿಗೆ ಅವು ಖಾಲಿಯಾಗಿ ಕಾಣಬಹುದು. ಇದನ್ನೂ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಆಮೇಲೆ ಕ್ರಮ. ಫೋಲ್ಡರ್ ತೆರೆದು ಹಾಡಿಸಿದರೆ ಮೂರನೆಯ ಹಾಡು ಮೊದಲು, ಒಂದನೆಯದು ಏಳನೆಯದಾಗಿ ಬರುತ್ತಿತ್ತು. ಸರಳ ಪ್ಲೇಯರುಗಳು ಹೆಸರಿನ ಕ್ರಮ ನೋಡುವುದಿಲ್ಲ, ಕಾರ್ಡಿಗೆ ಯಾವುದು ಮೊದಲು ಬರೆಯಲ್ಪಟ್ಟಿತೋ ಅದನ್ನೇ ಮೊದಲು ಹಾಡುತ್ತವೆ. ಫ್ಯಾಟ್‌ಸಾರ್ಟ್ ಎಂಬ ತಂತ್ರಾಂಶ ಈ ಪಟ್ಟಿಯನ್ನು ಮರುಜೋಡಿಸಿತು. ಹೆಸರಿನ ಮುಂದೆ 1, 2 ಎಂದು ಬರೆಯುವ ಬದಲು 01, 02 ಎಂದೇ ಬರೆಯಿರಿ, ಇಲ್ಲದಿದ್ದರೆ ಒಂದರ ನಂತರ ಹತ್ತು ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆ, ವಿವರಣೆ ಚಿಹ್ನೆ (:), ಓರೆಗೆರೆ ಇರುವ ಫೈಲಿನ ಹೆಸರುಗಳನ್ನು ಕಾರ್ಡ್ ಒಪ್ಪುವುದಿಲ್ಲ, ನಕಲು ನಡುವೆಯೇ ನಿಲ್ಲುತ್ತದೆ. ಕೆಲವು ಕಂಪ್ಯೂಟರುಗಳು ಪ್ರತಿ ಹಾಡಿನ ಜೊತೆಗೆ ಚುಕ್ಕಿ ಮತ್ತು ಅಡಿಗೆರೆಯಿಂದ ಆರಂಭವಾಗುವ ಸಣ್ಣ ಫೈಲೊಂದನ್ನು ಬಿಟ್ಟುಹೋಗುತ್ತವೆ, ಪ್ಲೇಯರ್ ಅದನ್ನೂ ಹಾಡೆಂದು ತಿಳಿದು ತೊದಲುತ್ತದೆ. ಅಳಿಸಿಬಿಡಿ.

ಕೊನೆಯದಾಗಿ ಉಳಿದದ್ದು ಧ್ವನಿಯ ಏರಿಳಿತ ಮತ್ತು ಹಾಡುಗಳ ನಡುವಿನ ಬಿರುಕು. ಹಳೆಯ ಧ್ವನಿಮುದ್ರಿಕೆ ಮೆಲ್ಲಗೆ, ಅದರ ಬೆನ್ನಿಗೇ ಬರುವ ಹೊಸದು ಕಿವಿ ಬಿರಿಯುವಂತೆ. ಧ್ವನಿಯನ್ನು ಎಷ್ಟು ಏರಿಸಬೇಕು, ಇಳಿಸಬೇಕು ಎಂದು ಪ್ಲೇಯರಿಗೆ ತಿಳಿಸುವ ರೀಪ್ಲೇಗೇನ್ ಟ್ಯಾಗುಗಳು ಇದಕ್ಕಾಗಿಯೇ ಇವೆ, ಆದರೆ ನನ್ನ ಪ್ಲೇಯರ್ ಅವನ್ನು ಓದುವುದಿಲ್ಲ. ಆದ್ದರಿಂದ ಪ್ರತಿ ತೆಗೆಯುವಾಗಲೇ ಫೂಬಾರ್2000ಕ್ಕೆ ಮಟ್ಟವನ್ನು ಅಳವಡಿಸಲು ಹೇಳಿದೆ. ಹಾಡಿಗೊಂದರಂತೆ ಸಮ ಮಾಡಿದರೆ ಆಲ್ಬಮ್ಮಿನೊಳಗಿನ ಸಹಜ ಏರಿಳಿತವೇ ಅಳಿಸಿಹೋಗುತ್ತದೆ, ಹಾಗಾಗಿ ಇಡೀ ಆಲ್ಬಮ್ಮಿಗೆ ಒಂದೇ ಮಟ್ಟ ಇರಿಸಿದೆ. ಬಿರುಕಿನ ಸಮಸ್ಯೆ ಎಂಪಿ3ಗೆ ಹುಟ್ಟಿನಿಂದಲೇ ಬಂದದ್ದು. ಅದು ಧ್ವನಿಯನ್ನು 1,152 ಮಾದರಿಗಳ ಚೌಕಟ್ಟುಗಳಾಗಿ ಕತ್ತರಿಸುವುದರಿಂದ ಹಾಡಿನ ತುದಿಗಳಲ್ಲಿ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಅದೆಷ್ಟೆಂದು ಲೇಮ್ ಬರೆದಿಡುತ್ತದೆ, ಪ್ಲೇಯರ್ ಓದಬೇಕು, ನನ್ನದು ಓದುವುದಿಲ್ಲ. ಬಿಡಿ ಹಾಡುಗಳಲ್ಲಿ ಇದು ಗೊತ್ತಾಗದು. ನೇರ ಕಚೇರಿಯ ಧ್ವನಿಮುದ್ರಣದಲ್ಲಿ, ಆಲಾಪನೆ ಮುಗಿದು ಕೃತಿ ಎತ್ತಿಕೊಳ್ಳುವ ಕ್ಷಣದಲ್ಲಿ ಆ ತುಣುಕು ಮೌನ ಬಂದರೆ ನನಗೆ ಸಹಿಸಲಾಗುವುದಿಲ್ಲ. ಫ್ಲಾಕ್ ಫೈಲುಗಳನ್ನು ಅದೇ ಪ್ಲೇಯರ್ ಬಿರುಕಿಲ್ಲದೆ ನುಡಿಸುತ್ತದೆ. ಕಚೇರಿಗಳನ್ನೆಲ್ಲ ಫ್ಲಾಕ್‌ನಲ್ಲೇ ಕಾರ್ಡಿಗೆ ಹಾಕಿದೆ, ಜಾಗ ಹೆಚ್ಚು ತಿಂದರೂ ಚಿಂತೆಯಿಲ್ಲ.

ಈಗ ಹೊಸದಾಗಿ ಬರುವ ಹಾಡುಗಳಿಗೆ ‘ಒಳಬರುವವು’ ಎಂಬ ಫೋಲ್ಡರ್ ಇದೆ. ಟ್ಯಾಗು ಪೂರ್ತಿಯಾಗದೆ ಯಾವುದೂ ಅಲ್ಲಿಂದ ಮೂಲ ಸಂಗ್ರಹಕ್ಕೆ ಹೋಗುವುದಿಲ್ಲ. ತಿಂಗಳಿಗೊಮ್ಮೆ ಮೂಲವನ್ನು ಎರಡನೆಯ ಡಿಸ್ಕಿಗೆ ನಕಲಿಸಿ, ಆಗಾಗ ಫ್ಲಾಕ್‌ಗಳ ಎಂಡಿ5 ಪರೀಕ್ಷೆ ನಡೆಸುತ್ತೇನೆ. ನೀವು ಇನ್ನೂ ಆರಂಭಿಸಬೇಕಿದ್ದರೆ ಇಡೀ ಸಂಗ್ರಹಕ್ಕೆ ಒಮ್ಮೆಲೇ ಕೈಹಾಕಬೇಡಿ. ಹಲವು ಗಾಯಕರಿರುವ, ಕನ್ನಡ ಹೆಸರುಗಳಿರುವ, ಚಿತ್ರವಿರುವ ಒಂದೇ ಒಂದು ಆಲ್ಬಮ್ ತೆಗೆದುಕೊಂಡು, ಟ್ಯಾಗಿನಿಂದ ಕಾರ್ಡಿನವರೆಗೆ ಎಲ್ಲ ಹಂತಗಳನ್ನೂ ದಾಟಿಸಿ, ನಿಮ್ಮ ಪ್ಲೇಯರಿನಲ್ಲಿ ಮೊದಲ ಹಾಡಿನಿಂದ ಕೊನೆಯದರವರೆಗೆ ಕೇಳಿ ನೋಡಿ. ತೊಡಕು ಎಲ್ಲಿದೆ ಎಂಬುದು ಆ ಒಂದರಲ್ಲೇ ತಿಳಿಯುತ್ತದೆ, ಉಳಿದ ಸಾವಿರಾರು ಫೈಲುಗಳಿಗೆ ಅದೇ ಕ್ರಮವನ್ನು ಒಟ್ಟಿಗೆ ಅನ್ವಯಿಸಬಹುದು.